ಕೊಡಗಿನ ಏರು, ಅಂಗಾಲಿನ ಉರಿ

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ಹಾದು ಸುಮಾರು 90 ಕಿಲೋಮೀಟರ್ ಬಂದ ಮೇಲೆ ಕೊಪ್ಪದ ಬಳಿ ಕಾವೇರಿಯನ್ನು ಸಂಧಿಸುತ್ತದೆ. ಸೇತುವೆಯ ಈಚೆಗೆ ಮೈಸೂರು ಜಿಲ್ಲೆ, ಆಚೆಗೆ ಕುಶಾಲನಗರ. ಅದೇ ಕೊಡಗಿನ ಮೂಡಣ ಹೆಬ್ಬಾಗಿಲು. ಬೇಸಗೆಯಲ್ಲಿ ಬರಿದಾಗಿ ಬಿದ್ದಿರುವ ಹೊಗೆಸೊಪ್ಪಿನ ಹೊಲಗಳು ಹಿಂದೆ ಉಳಿಯುತ್ತವೆ. ಗುಡ್ಡೆಹೊಸೂರು ದಾಟಿದರೆ ಆನೆಕಾಡಿನ ಮರಗಳು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ದಾರಿ ಏರತೊಡಗುತ್ತದೆ.

ರೈಲು ಹಳಿಯೇ ಇಲ್ಲದ ಜಿಲ್ಲೆ ಕೊಡಗು. 4,102 ಚದರ ಕಿಲೋಮೀಟರ್ ವಿಸ್ತಾರದ ಈ ನಾಡಿನೊಳಗೆ ಎಲ್ಲಿಗೆ ಹೋಗುವುದಿದ್ದರೂ ರಸ್ತೆಯೇ ಗತಿ. ಆ ರಸ್ತೆಗಳೋ, ಗದ್ದೆಯ ಅಂಚಿನಲ್ಲಿ ಇಳಿದು, ಬಾಣೆಯ ಬದಿಯಲ್ಲಿ ಏರಿ, ಕಾಫಿ ತೋಟದ ಬೇಲಿಯನ್ನು ಹಿಡಿದು ಸುತ್ತುವಂಥವು. ನೂರು ಗಜ ನೇರವಾಗಿ ಹೋದರೆ ಹೆಚ್ಚು. ಸೈಕಲ್ ಸವಾರರಿಗೆ ಇಂಥ ದಾರಿಯೆಂದರೆ ಹಬ್ಬ. ಫೆಬ್ರವರಿ, ಮಾರ್ಚ್ ತಿಂಗಳ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನ ಕಳೆಯುವಷ್ಟರಲ್ಲಿ ಕಾಫಿ ಗಿಡಗಳು ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಕಂಪು ರಸ್ತೆಯ ಮೇಲೆಲ್ಲ ಹರಡುತ್ತದೆ. ಸಿಲ್ವರ್ ಓಕ್ ಮರಗಳ ನೆರಳಿದೆ, ಮರಕ್ಕೆ ತಬ್ಬಿದ ಕರಿಮೆಣಸಿನ ಬಳ್ಳಿ ಇದೆ, ಅಲ್ಲಲ್ಲಿ ತೊರೆಯ ಸದ್ದಿದೆ. ಬೆಂಗಳೂರು, ಮೈಸೂರುಗಳ ಬಿಸಿಲಿನಿಂದ ತಪ್ಪಿಸಿಕೊಂಡು ಬಂದವರಿಗೆ ಇನ್ನೇನು ಬೇಕು?

ಆದರೆ ಇದೇ ದಾರಿಯಲ್ಲಿ ಸವಾರರನ್ನು ಕಾಡುವ ತೊಂದರೆಯೊಂದಿದೆ. ಅದರ ಬಗ್ಗೆ ಪ್ರವಾಸದ ಪುಸ್ತಕಗಳು ಹೇಳುವುದಿಲ್ಲ. ಅನುಭವಿಸಿದವರೂ ಸಂಕೋಚದಿಂದ ಸುಮ್ಮನಿರುತ್ತಾರೆ. ಎರಡು, ಮೂರು ಗಂಟೆ ತುಳಿದ ಮೇಲೆ ಅಂಗಾಲಿನ ಮುಂಭಾಗದಲ್ಲಿ, ಬೆರಳುಗಳ ಬುಡದಲ್ಲಿ, ಸಣ್ಣಗೆ ಉರಿ ಶುರುವಾಗುತ್ತದೆ. ಮೊದಮೊದಲು ಷೂವಿನೊಳಗೆ ಕಲ್ಲೊಂದು ಸೇರಿಕೊಂಡಂತೆ ಅನ್ನಿಸುತ್ತದೆ. ಬಿಚ್ಚಿ ಕೊಡವಿದರೆ ಕಲ್ಲಿಲ್ಲ. ಮತ್ತೆ ಹತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ಕೆಂಡದ ಮೇಲೆ ಕಾಲಿಟ್ಟಂತೆ. ಆಮೇಲೆ ಬೆರಳುಗಳಿಗೆ ಜೋಮು ಹಿಡಿದು, ಅವು ಇವೆಯೋ ಇಲ್ಲವೋ ತಿಳಿಯದ ಸ್ಥಿತಿ. ಸುಂಟಿಕೊಪ್ಪದ ಹೋಟೆಲಿನ ಬೆಂಚಿನ ಮೇಲೆ ಒಂದು ಕಾಲಿನ ಷೂ ಕಳಚಿ, ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಪಾದ ಹಿಸುಕಿಕೊಳ್ಳುತ್ತ ಕುಳಿತ ಸವಾರ ಅಪರೂಪದ ನೋಟವೇನಲ್ಲ.

ಉಷ್ಣವೋ, ಇಕ್ಕಟ್ಟೋ?

ಅಂಗಾಲು ಉರಿಯೆಂದರೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರವೊಂದಿದೆ: 'ಮೈಗೆ ಉಷ್ಣ ಆಗಿದೆ.' ರಾತ್ರಿ ಪಾದಕ್ಕೆ ಹರಳೆಣ್ಣೆ ತಿಕ್ಕುವುದು, ಬೆಳಿಗ್ಗೆ ನೆನೆಸಿದ ಮೆಂತ್ಯದ ನೀರು, ನಡುಹಗಲಿಗೆ ಎಳನೀರು, ಮಜ್ಜಿಗೆ. ಅಜ್ಜಿಯ ಮಾತು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಬೇಸಗೆಯಲ್ಲಿ ಮೈ ತನ್ನ ಬಿಸಿಯನ್ನು ಹೊರಹಾಕಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಗಂಟೆಗಟ್ಟಲೆ ಕೆಳಕ್ಕೆ ತೂಗಿದ ಪಾದದಲ್ಲಿ ರಕ್ತವೂ ದ್ರವವೂ ಹೆಚ್ಚು ನಿಲ್ಲುತ್ತದೆ. ಹೀಗಾಗಿ ಬೆಳಿಗ್ಗೆ ಆರಕ್ಕೆ ಷೂವಿನೊಳಗೆ ಸುಲಭವಾಗಿ ಕೂತ ಪಾದ ಹನ್ನೊಂದು ಗಂಟೆಯ ಹೊತ್ತಿಗೆ ಊದಿಕೊಂಡಿರುತ್ತದೆ. ಷೂ ಮಾತ್ರ ಅಷ್ಟೇ ಇರುತ್ತದೆ.

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳು. ಅವುಗಳಲ್ಲಿ ಐದು ಉದ್ದನೆಯವು, ಪಾದದ ನಡುವಿನಿಂದ ಬೆರಳುಗಳ ಬುಡದವರೆಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿವೆ. ಈ ಕಡ್ಡಿಗಳ ನಡುವಿನ ಸಂದಿಯಲ್ಲಿ ಬೆರಳುಗಳಿಗೆ ಹೋಗುವ ನರಗಳು ಹಾದುಹೋಗುತ್ತವೆ. ಊದಿದ ಪಾದವನ್ನು ಎರಡು ಬದಿಯಿಂದ ಷೂ ಅಮುಕಿದಾಗ ಮೂಳೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ನಡುವಿನ ನರಕ್ಕೆ ಉಸಿರು ಕಟ್ಟುತ್ತದೆ. ಕೆಳಗಿನಿಂದ ಪೆಡಲು ಬೇರೆ ಒತ್ತುತ್ತಿರುತ್ತದೆ. ಉರಿಯಾಗಿ, ಮುಳ್ಳು ಚುಚ್ಚಿದಂತಾಗಿ, ಕೊನೆಗೆ ಜೋಮಾಗಿ ಹೊರಬರುವುದು ಆ ನರದ ದೂರು. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವಿನ ನರಕ್ಕೆ ಈ ಕಷ್ಟ ಹೆಚ್ಚು. ಇದೇ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ನರದ ಸುತ್ತ ಗಂಟಿನಂತೆ ದಪ್ಪಗಾಗುವುದುಂಟು. ಪಾದದ ಈ ಭಾಗದ ನೋವನ್ನು 1876ರಲ್ಲಿ ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಥಾಮಸ್ ಜಾರ್ಜ್ ಮಾರ್ಟನ್ ಹೆಸರಿನಲ್ಲೇ ಅದನ್ನು ವೈದ್ಯರು ಇಂದಿಗೂ ಕರೆಯುತ್ತಾರೆ.

ನಡೆಯುವವರಿಗೆ ಈ ತೊಂದರೆ ಇಷ್ಟು ಬೇಗ ಬರುವುದಿಲ್ಲ. ನಡೆಯುವಾಗ ಮೈಭಾರ ಹಿಮ್ಮಡಿಯಿಂದ ಅಂಗಾಲಿಗೆ, ಅಲ್ಲಿಂದ ಹೆಬ್ಬೆರಳಿಗೆ ಸಾಗುತ್ತದೆ. ಪ್ರತಿ ಹೆಜ್ಜೆಗೂ ಪಾದ ಮಡಿಚಿ ಬಿಚ್ಚಿಕೊಳ್ಳುತ್ತದೆ. ಸೈಕಲ್ಲಿನ ಮೇಲೆ ಹಾಗಿಲ್ಲ. ನಿಮಿಷಕ್ಕೆ 80 ಸುತ್ತು ತುಳಿಯುವವನ ಒಂದೊಂದು ಪಾದವೂ ಗಂಟೆಗೆ 4,800 ಸಲ ಪೆಡಲನ್ನು ಒತ್ತುತ್ತದೆ. ಆರು ಗಂಟೆಗೆ 28,800 ಸಲ. ಅಷ್ಟೂ ಸಲ ಒತ್ತಡ ಬೀಳುವುದು ಅದೇ ನಾಲ್ಕು ಬೆರಳಗಲದ ಜಾಗಕ್ಕೆ. ಹರಳೆಣ್ಣೆ ತಿಕ್ಕಿದರೆ ಆ ರಾತ್ರಿ ಹಾಯೆನಿಸುವುದು ನಿಜ. ತಿಕ್ಕುವ ಕೈಯ ಗುಣ ಅದು. ಮರುದಿನ ಮತ್ತೆ ಅದೇ ಇಕ್ಕಟ್ಟಾದ ಷೂವಿನೊಳಗೆ ಪಾದ ತುರುಕಿದರೆ ಉರಿಯೂ ಮರಳಿ ಬರುತ್ತದೆ.

ತಳ್ಳಿಕೊಂಡು ಹೋಗುತ್ತಿದ್ದವರು

ಕೊಡಗಿಗೆ ಸೈಕಲ್ಲು ಹೊಸದಲ್ಲ. ಅಂಚೆಯವರು, ತೋಟದ ರೈಟರುಗಳು, ಹಾಲಿನವರು, ಪತ್ರಿಕೆ ಹಂಚುವ ಹುಡುಗರು ತುಳಿದದ್ದು ಗೇರುಗಳಿಲ್ಲದ ಭಾರದ ಸೈಕಲ್ಲುಗಳನ್ನು. ಅದರ ಪೆಡಲು ಅಗಲ. ಮೇಲೆ ಎರಡು ದಪ್ಪ ರಬ್ಬರ್ ತುಂಡು. ಕಾಲಲ್ಲಿ ಹವಾಯಿ ಚಪ್ಪಲಿ, ಇಲ್ಲವೇ ಬರಿಗಾಲು. ಪಾದ ಎಷ್ಟು ಊದಿದರೂ ಹರಡಿಕೊಳ್ಳಲು ಜಾಗವಿತ್ತು. ಪೆಡಲಿನ ಮೇಲೆ ಅದನ್ನು ಹಿಂದೆ ಮುಂದೆ ಸರಿಸಲು ಅಡ್ಡಿಯಿರಲಿಲ್ಲ.

ಇನ್ನೂ ದೊಡ್ಡ ಮಾತೆಂದರೆ, ಅವರು ಏರಿನಲ್ಲಿ ಇಳಿದುಬಿಡುತ್ತಿದ್ದರು. ಬೋಯಿಕೇರಿಯ ಏರನ್ನು ಗೇರಿಲ್ಲದ ಸೈಕಲ್ಲಿನಲ್ಲಿ, ಹಿಂದೆ ಒಂದು ಮೂಟೆ ಕಟ್ಟಿಕೊಂಡು, ಕೂತೇ ಹತ್ತುತ್ತೇನೆಂದು ಯಾರೂ ಹಟ ಹಿಡಿಯುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆದು, ನೆತ್ತಿ ತಲುಪಿದ ಮೇಲೆ ಮತ್ತೆ ಹತ್ತುವುದು. ಮಲೆನಾಡಿನ ಸೈಕಲ್ಲಿನ ಕ್ರಮವೇ ಹಾಗೆ: ಏರಿಗೆ ತಳ್ಳು, ಇಳಿಜಾರಿಗೆ ಕೂರು. ಅವರು ಇಳಿಯುತ್ತಿದ್ದುದು ಉಸಿರಿಗಾಗಿ. ಆದರೆ ಅದರಿಂದ ಪಾದಕ್ಕೂ ಲಾಭವಿತ್ತು. ಪ್ರತಿ ಏರಿಗೂ ಹತ್ತು ನಿಮಿಷ ನಡಿಗೆ ಸಿಕ್ಕಿ, ಅಮುಕಿದ ನರಕ್ಕೆ ರಕ್ತ ಹರಿಯುತ್ತಿತ್ತು.

ಗೇರಿನ ಸೈಕಲ್ಲು ಈ ಬಿಡುವನ್ನು ಕಸಿದುಕೊಂಡಿತು. ಇಪ್ಪತ್ತು ಚಿಲ್ಲರೆ ಗೇರುಗಳಿರುವಾಗ ಇಳಿಯುವುದೇಕೆ? ಅದರ ಜೊತೆಗೆ ಬಂದದ್ದು ಪಂದ್ಯದ ಷೂ. ಹಿಂದೆ ಪಂದ್ಯದ ಸವಾರರು ಪಾದವನ್ನು ಲೋಹದ ಕೊಕ್ಕೆಗೆ ತೂರಿಸಿ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪೆನಿ ಷೂವಿನ ಅಡಿಯ ಅಚ್ಚು ಪೆಡಲಿಗೆ ಟಕ್ಕೆಂದು ಕಚ್ಚಿಕೊಳ್ಳುವ ಏರ್ಪಾಡನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಬರ್ನಾರ್ಡ್ ಹಿನೋ ಅದನ್ನೇ ಬಳಸಿ ಟೂರ್ ದ ಫ್ರಾನ್ಸ್ ಗೆದ್ದರು. 1990ರಲ್ಲಿ ಜಪಾನಿನ ಶಿಮಾನೊ ಕಂಪೆನಿ, ಷೂವಿನ ತಳದ ಗುಳಿಯೊಳಗೆ ಕೂರುವ ಚಿಕ್ಕ ಅಚ್ಚನ್ನು ತಂದಿತು; ಅದನ್ನು ತೊಟ್ಟು ನಡೆಯಲೂ ಬರುತ್ತದೆ. ಕ್ಲೀಟ್ ಎಂದು ಕರೆಯುವ ಈ ಅಚ್ಚುಗಳು ಈಗ ನಮ್ಮ ಊರುಗಳ ಸವಾರರ ಕಾಲಲ್ಲೂ ಇವೆ. ಇವುಗಳಿಂದ ವೇಗವೂ ಹಿಡಿತವೂ ಹೆಚ್ಚಿದ್ದು ನಿಜ. ಆದರೆ ಪಾದ ಒಂದೇ ಜಾಗದಲ್ಲಿ, ಒಂದೇ ಭಂಗಿಯಲ್ಲಿ ಕಟ್ಟುಬಿದ್ದದ್ದೂ ನಿಜ.

ದೂರದ ಸವಾರಿಯ ಹುಚ್ಚು ನಮ್ಮಲ್ಲಿ ಬೆಳೆಯುತ್ತಿದೆ. ಕರ್ನಾಟಕದ ಮಲೆಗಳಲ್ಲೂ ಹಾಯುವ ಟೂರ್ ಆಫ್ ನೀಲಗಿರೀಸ್ ಶುರುವಾದದ್ದು 2008ರಲ್ಲಿ. ಅದು ನಡೆಯುವುದು ಡಿಸೆಂಬರಿನ ತಂಪಿನಲ್ಲಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗಳು ಬೇಸಗೆಯಲ್ಲೂ ಉಂಟು. ಫ್ರಾನ್ಸಿನಲ್ಲಿ 1891ರಲ್ಲಿ ಮೊದಲು ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಸುಮಾರು 1,200 ಕಿಲೋಮೀಟರಿನ, 90 ಗಂಟೆಗಳ ಸವಾರಿ. ಅದಕ್ಕೆ ಇಲ್ಲಿಂದಲೂ ಸವಾರರು ಹೋಗುತ್ತಾರೆ. ಅಂಥ ಪಳಗಿದವರಿಗೂ ಅಂಗಾಲಿನ ಉರಿ ಹೊಸದಲ್ಲ. 2020ರ ಕೊರೊನಾ ಕಾಲದಲ್ಲಿ ಸೈಕಲ್ ಕೊಂಡ ನಡುವಯಸ್ಸಿನವರ ಪಾಡು ಬೇರೆ. ಮೊದಲ ದೂರದ ಸವಾರಿಯಲ್ಲೇ ಕಾಲು ಉರಿದು, 'ಇದು ನಮ್ಮ ವಯಸ್ಸಿಗಲ್ಲ' ಎಂದು ತೀರ್ಮಾನಿಸಿ, ಸೈಕಲ್ಲನ್ನು ಬಾಲ್ಕನಿಗೆ ಸೇರಿಸಿದವರಿದ್ದಾರೆ. ವಯಸ್ಸಿನದಲ್ಲ, ಅರ್ಧ ಅಂಗುಲ ಅಗಲ ಕಮ್ಮಿಯಾದ ಷೂವಿನ ತಪ್ಪು ಅದು ಎಂದು ಅವರಿಗೆ ಹೇಳುವವರಿರಲಿಲ್ಲ.

ಕುಶಾಲನಗರದಿಂದ ಮಡಿಕೇರಿಗೆ

ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಸುಮಾರು 1,170 ಮೀಟರ್. ನಡುವೆ 30 ಕಿಲೋಮೀಟರ್. ಲೆಕ್ಕದಲ್ಲಿ ಇದು ದೊಡ್ಡ ಏರೇನಲ್ಲ. ಆದರೆ ಮೈಸೂರಿನಿಂದಲೇ ತುಳಿದು ಬಂದವರಿಗೆ ಇದು ದಿನದ ಕೊನೆಯ 30 ಕಿಲೋಮೀಟರ್, ಅದೂ ಬಿಸಿಲು ನೆತ್ತಿಗೆ ಬಂದ ಹೊತ್ತು. ಆನೆಕಾಡಿನ ನೆರಳು ಮುಗಿದು ಸುಂಟಿಕೊಪ್ಪ ಕಳೆದ ಮೇಲೆ ಏರು ಬಿಗಿಯಾಗುತ್ತದೆ. ಪಾದ ಊದಿರುವುದೂ, ಪೆಡಲಿನ ಮೇಲಿನ ಒತ್ತಡ ಹೆಚ್ಚುವುದೂ ಒಟ್ಟಿಗೇ ಆಗುವುದು ಇಲ್ಲಿ. ಆದ್ದರಿಂದಲೇ ಬಯಲಿನಲ್ಲಿ ನೂರು ಕಿಲೋಮೀಟರ್ ಸುಮ್ಮನಿದ್ದ ಕಾಲು ಕೊಡಗಿನ ಏರಿನಲ್ಲಿ ಮಾತನಾಡತೊಡಗುತ್ತದೆ.

ಬುದ್ಧಿವಂತ ಸವಾರ ಮಾಡಬೇಕಾದ ಮೊದಲ ಕೆಲಸ ಕಾವೇರಿ ಸೇತುವೆ ದಾಟಿದ ಕೂಡಲೇ ನಿಲ್ಲುವುದು. ಉರಿ ಬರಲಿ ಬಿಡಲಿ, ಷೂವಿನ ಲೇಸನ್ನೋ ಪಟ್ಟಿಯನ್ನೋ ಬೆರಳಿನ ಕಡೆಗೆ ಸಡಿಲಿಸಬೇಕು. ಪಾದದ ಮೇಲ್ಭಾಗದಲ್ಲಿ, ಮಣಿಕಟ್ಟಿನ ಹತ್ತಿರದ ಬಿಗಿ ಇದ್ದರೆ ಸಾಕು; ಹಿಮ್ಮಡಿ ಜಾರದಿದ್ದರಾಯಿತು. ಬೆರಳುಗಳು ಷೂವಿನೊಳಗೆ ಹಾರ್ಮೋನಿಯಂ ಬಾರಿಸುವಂತೆ ಆಡಬೇಕು. ಏರು ಶುರುವಾದ ಮೇಲೆ ಬಿಗಿದು ಕಟ್ಟಿಕೊಳ್ಳುವುದು ಹಲವರ ಅಭ್ಯಾಸ. ಬಲ ಹೆಚ್ಚು ಸಿಗುತ್ತದೆಂಬ ನಂಬಿಕೆ. ಆಗಬೇಕಾದದ್ದು ಅದರ ತಿರುವುಮುರುವು.

ಎರಡನೆಯದು ಗೇರು. ದೊಡ್ಡ ಗೇರಿನಲ್ಲಿ ನಿಮಿಷಕ್ಕೆ 50 ಸುತ್ತು ಹೊಸಕಿ ಹೊಸಕಿ ತುಳಿಯುವವನ ಪ್ರತಿ ಒತ್ತೂ ಪಾದಕ್ಕೆ ಗುದ್ದು. ಅದೇ ವೇಗವನ್ನು ಹಗುರ ಗೇರಿನಲ್ಲಿ 75, 80 ಸುತ್ತು ತಿರುಗಿಸಿ ಪಡೆದರೆ ಒತ್ತು ಹಂಚಿಹೋಗುತ್ತದೆ. ನೋಡುವವರಿಗೆ ಕಾಲು ಸುಮ್ಮನೆ ತಿರುಗುತ್ತಿರುವಂತೆ ಕಂಡರೂ ಚಿಂತೆಯಿಲ್ಲ.

ಮೂರನೆಯದು ಪಾದ ಕೂರುವ ಜಾಗ. ಬೆರಳ ತುದಿಯಿಂದ ತುಳಿಯುವವರಿಗೆ ಉರಿ ಬೇಗ. ಪೆಡಲಿನ ಅಚ್ಚು ಅಂಗಾಲಿನ ಉಬ್ಬಿಗಿಂತ ತುಸು ಹಿಂದಕ್ಕೆ, ಅಂದರೆ ಹಿಮ್ಮಡಿಯ ಕಡೆಗೆ ಬಂದರೆ ಬೆರಳ ಬುಡದ ಭಾರ ಇಳಿಯುತ್ತದೆ. ಕ್ಲೀಟ್ ಹಾಕುವವರು ಅದನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ನೋಡಬಹುದು. ತಿರುಪು ಸಡಿಲಿಸುವ ಮುನ್ನ ಹಳೆಯ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಕೊಂಡರೆ ಒಳ್ಳೆಯದು. ಮಾಮೂಲಿ ಕ್ಯಾನ್ವಾಸ್ ಷೂ ಹಾಕುವವರ ಕಷ್ಟ ಇನ್ನೊಂದು ಬಗೆಯದು. ತೆಳು ಅಡಿ, ಮೇಲೆ ಚಿಕ್ಕ ಲೋಹದ ಪೆಡಲು. ಅದರ ಹಲ್ಲುಗಳು ನೇರವಾಗಿ ಅಂಗಾಲಿಗೇ ಒತ್ತುತ್ತವೆ. ಅಗಲ ಪೆಡಲನ್ನು ಹಾಕಿಸುವುದು ಅವರಿಗೆ ಹೊಸ ಷೂವಿಗಿಂತ ಅಗ್ಗದ ಪರಿಹಾರ.

ಇಷ್ಟಾದರೂ ಉರಿ ಏಳುತ್ತಿದ್ದರೆ ನಾಲ್ಕನೆಯ ದಾರಿ ಹಳೆಯ ಅಂಚೆಯವರದೇ. ಇಳಿದು ಐದು ನಿಮಿಷ ತಳ್ಳಿಕೊಂಡು ನಡೆಯುವುದು. ನಡೆಯುವಾಗ ಬೆರಳು ಮಡಿಚಿಕೊಳ್ಳುತ್ತದೆ, ನರ ಉಸಿರಾಡುತ್ತದೆ. ಗೇರಿನ ಸೈಕಲ್ಲಿನವರಿಗೆ ಇದೊಂದು ಅವಮಾನವೆಂಬ ಭಾವನೆ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ತೋಟದ ಗೇಟಿನಲ್ಲಿ ನಿಂತ ಮೇಸ್ತ್ರಿ ನೋಡಿ ನಗುತ್ತಾನೆಂದು ಅಂಜುವ ಕಾರಣವಿಲ್ಲ. ಆ ಏರಿನಲ್ಲಿ ಸೈಕಲ್ ತಳ್ಳಿದವರನ್ನು ಅವನು ಹುಟ್ಟಿದಾಗಿನಿಂದ ಕಂಡಿದ್ದಾನೆ.

ಕಾಲ್ಮರೆ ಕಳಚುವ ಜಾಗಗಳು

ಈ ದಾರಿಯ ಇನ್ನೊಂದು ಅನುಕೂಲ, ಷೂ ಕಳಚಲೇಬೇಕಾದ ಜಾಗಗಳು ಅಲ್ಲಲ್ಲಿ ಸಿಗುವುದು. ಬೈಲಕುಪ್ಪೆಯಲ್ಲಿ ಟಿಬೆಟನ್ನರು 1960ರ ದಶಕದಿಂದ ನೆಲೆ ನಿಂತಿದ್ದಾರೆ. ಅಲ್ಲಿನ ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಬುದ್ಧನ ಮುಂದೆ ಬರಿಗಾಲಲ್ಲಿ ನಿಲ್ಲಬೇಕು. ಮಡಿಕೇರಿಯಲ್ಲಿ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯವಿದೆ. ಮುಂದೆ ಭಾಗಮಂಡಲ, ತಲಕಾವೇರಿ. ಪಾಡಿ ಇಗ್ಗುತಪ್ಪನ ಸನ್ನಿಧಿ. ಹಳೆಯ ಮನೆಗಳಲ್ಲಿ ಜಗಲಿ ಏರುವ ಮುನ್ನ ಕಾಲಿಗೆ ನೀರು ಕೊಡುವ ರೂಢಿ ಇತ್ತು; ದೂರದಿಂದ ನಡೆದು ಬಂದವರ ಪಾದಕ್ಕೆ ಏನು ಬೇಕೆಂಬುದು ಹಿರಿಯರಿಗೆ ಗೊತ್ತಿತ್ತು. ಗಂಟೆಗೊಮ್ಮೆ, ಒಂದೂವರೆ ಗಂಟೆಗೊಮ್ಮೆ ಹೀಗೆ ಷೂ, ಕಾಲುಚೀಲ ಎರಡನ್ನೂ ಕಳಚಿ ಹತ್ತು ನಿಮಿಷ ಕೂರುವಂತೆ ದಾರಿಯನ್ನು ಹಂಚಿಕೊಂಡರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಮಡಿಕೇರಿಯಿಂದ ಬೆಟ್ಟಗೇರಿ, ಚೇರಂಬಾಣೆಗಳ ಮೂಲಕ ಭಾಗಮಂಡಲಕ್ಕೆ 40 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಳಿದು ಏರಿ, ಏರಿ ಇಳಿದು ಸಾಗುವ ದಾರಿ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆಯರ ಸಂಗಮ. ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರಿ ತ್ರಿವೇಣಿಯೆಂದು ಭಕ್ತರ ನಂಬಿಕೆ. ಮಳೆಗಾಲದಲ್ಲಿ ಊರನ್ನೇ ಮುತ್ತುವ ನೀರು ಏಪ್ರಿಲ್‌ನಲ್ಲಿ ತೆಳುವಾಗಿ ಹರಿಯುತ್ತಿರುತ್ತದೆ. ಕಾದ ಪಾದವನ್ನು ಆ ತಣ್ಣೀರಿಗೆ ಇಳಿಬಿಟ್ಟವರು ಬೇಗ ಏಳಲು ಒಪ್ಪುವುದಿಲ್ಲ. ತಂಪು ತಗುಲಿದ ಪಾದದ ಊತ ಇಳಿಯುತ್ತದೆ, ನರದ ಕೂಗು ತಗ್ಗುತ್ತದೆ.

ಎಚ್ಚರ ಬೇಕಾದದ್ದು ಅದರ ನಂತರ. ಒದ್ದೆ ಕಾಲನ್ನು ಹಾಗೆಯೇ ಷೂವಿಗೆ ತುರುಕಿದರೆ ಚರ್ಮ ಮೆತ್ತಗಾಗಿ, ತಿಕ್ಕಿಗೆ ನೀರುಗುಳ್ಳೆ ಏಳುತ್ತದೆ. ಬೆರಳ ಸಂದಿಯ ತೇವ ಕಜ್ಜಿಗೂ ದಾರಿ. ಚೀಲದಲ್ಲೊಂದು ಚಿಕ್ಕ ಟವೆಲು, ಇನ್ನೊಂದು ಜೊತೆ ಕಾಲುಚೀಲ ಇದ್ದರೆ ಈ ಭಯವಿಲ್ಲ. ಕಾಲುಚೀಲ ತೆಳುವಾಗಿರಬೇಕು, ದಪ್ಪನೆಯದು ಮೆತ್ತಗಿರುತ್ತದೆಂದು ಹಾಕಿದರೆ ಷೂವಿನೊಳಗಿನ ಜಾಗವನ್ನು ಅದೇ ತಿಂದುಹಾಕುತ್ತದೆ. ಬರೀ ಹತ್ತಿಯದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಆರುವ ನೂಲಿನದು ವಾಸಿ. ಏಪ್ರಿಲ್ ನಡುವಿಗೆ ಕೊಡವರ ಹೊಸ ವರ್ಷ ಎಡಮ್ಯಾರ್ ಬರುವ ಹೊತ್ತಿಗೆ ಮಧ್ಯಾಹ್ನದ ಗುಡುಗು ಮಳೆಗಳೂ ಶುರುವಾಗಿರುತ್ತವೆ. ಬೆಳಿಗ್ಗೆ ಬೆವರಿನಲ್ಲಿ ನೆನೆದ ಷೂ ಸಂಜೆ ಮಳೆಯಲ್ಲಿ ನೆನೆಯುವುದು ಈ ನಾಡಿನ ಬೇಸಗೆಯ ವಿಶೇಷ. ರಾತ್ರಿ ತಂಗಿದ ಕಡೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ಷೂವಿನೊಳಗೆ ತುರುಕಿಟ್ಟರೆ ಬೆಳಗಾಗುವುದರೊಳಗೆ ತೇವ ಹೀರಿಕೊಂಡಿರುತ್ತದೆ.

ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ಬಿಡದ ಏರು. ಮೇಲೆ ಸುಮಾರು 1,276 ಮೀಟರ್. ಕೊಡಗಿನಲ್ಲಿ ಪಾದವನ್ನು ಪರೀಕ್ಷೆಗೊಡ್ಡುವ ದಾರಿ ಯಾವುದೆಂದರೆ ಇದೇ. ಬೆಳಿಗ್ಗೆ ಎಂಟರೊಳಗೆ ಹತ್ತಿ ಮುಗಿಸುವುದು ಲೇಸು. 2020ರ ಆಗಸ್ಟ್‌ನಲ್ಲಿ ಇಲ್ಲಿ ಬೆಟ್ಟವೇ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಲುಕಿದ ದುರಂತವನ್ನು ನಾಡು ಮರೆತಿಲ್ಲ. ಮಳೆಗಾಲದಲ್ಲಿ ಈ ದಾರಿಯ ಸಾಹಸ ಬೇಡವೆನ್ನುವುದಕ್ಕೆ ಅದೊಂದೇ ಸಾಕು.

ಇಳಿಜಾರಿನ ಅಪಾಯ

ಕಾಲಿನ ಉರಿಯನ್ನು ಹಲ್ಲು ಕಚ್ಚಿ ಸಹಿಸುವುದೇ ಗಂಡುತನವೆಂದು ತಿಳಿದವರು ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಇಳಿಯುವ ದಾರಿಯನ್ನು ನೆನೆಯಬೇಕು. ಸುಮಾರು 30 ಕಿಲೋಮೀಟರ್ ಉದ್ದಕ್ಕೂ ಬಹುಪಾಲು ಇಳಿಜಾರು, ತಿರುವಿನ ಮೇಲೆ ತಿರುವು, ಎದುರಿಗೆ ಮಂಗಳೂರಿನಿಂದ ಬರುವ ಬಸ್ಸು, ಲಾರಿಗಳು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮದೆನಾಡು, ಜೋಡುಪಾಲದ ಬಳಿ ರಸ್ತೆ, ಮನೆಗಳೆರಡೂ ಕೊಚ್ಚಿಹೋಗಿದ್ದು ಇದೇ ಘಾಟಿಯಲ್ಲಿ. ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನೊಳಗೆ ಕೇರಳಕ್ಕೆ ಇಳಿಯುವ ದಾರಿಯೂ ಇಷ್ಟೇ ಕಡಿದು.

ಇಂಥ ಇಳಿಜಾರಿನಲ್ಲಿ ಸವಾರ ತಟ್ಟನೆ ನಿಲ್ಲಬೇಕಾದಾಗ ಕಾಲು ನೆಲಕ್ಕೆ ಬರಬೇಕು. ಕ್ಲೀಟ್ ಹಾಕಿದ್ದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಚಿ ಬಿಡಿಸಿಕೊಳ್ಳಬೇಕು. ಜೋಮು ಹಿಡಿದ ಪಾದಕ್ಕೆ ತಾನು ಬಿಡಿಸಿಕೊಂಡಿದ್ದೇನೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಬಿಡಿಸಿಕೊಂಡಿತೆಂದು ಒರಗಿದವನು ಸೈಕಲ್ ಸಮೇತ ರಸ್ತೆಯ ನಡುವಿಗೆ ಉರುಳುತ್ತಾನೆ. ಸಾಮಾನ್ಯ ಪೆಡಲಿನವರಿಗೂ ಅಪಾಯ ತಪ್ಪಿದ್ದಲ್ಲ. ಸ್ಪರ್ಶವಿಲ್ಲದ ಪಾದ ಪೆಡಲಿನಿಂದ ಜಾರಿದ್ದು ತಡವಾಗಿ ತಿಳಿಯುತ್ತದೆ. ಘಾಟಿ ಇಳಿಯುವ ಮುನ್ನ ಐದು ನಿಮಿಷ ನಿಂತು, ಷೂ ಕಳಚಿ, ಹತ್ತೂ ಬೆರಳುಗಳಿಗೆ ಅರಿವು ಮರಳಿದೆಯೆಂದು ಖಾತ್ರಿಪಡಿಸಿಕೊಳ್ಳುವುದು ಬ್ರೇಕು ಪರೀಕ್ಷಿಸುವಷ್ಟೇ ಮುಖ್ಯ.

ಷೂ ಕೊಳ್ಳುವ ಹೊತ್ತು

ಹೊಸ ಷೂ ಕೊಳ್ಳುವವರು ಸಂಜೆಯ ಹೊತ್ತು ಅಂಗಡಿಗೆ ಹೋಗಬೇಕು. ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಆ ಪಾದಕ್ಕೆ ಹೊಂದುವ ಷೂ ದೂರದ ಸವಾರಿಗೂ ಹೊಂದುತ್ತದೆ. ಸವಾರಿಯಲ್ಲಿ ಹಾಕುವ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಉದ್ದ ಎಲ್ಲರೂ ನೋಡುತ್ತಾರೆ, ನೋಡಬೇಕಾದದ್ದು ಅಗಲವನ್ನು. ನಮ್ಮಲ್ಲಿ ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರ ಪಾದ ಮುಂದೆ ಅಗಲವಾಗಿರುವುದು ಸಾಮಾನ್ಯ. ಪಂದ್ಯದ ಷೂಗಳೋ ಮುಂದಕ್ಕೆ ಹೋದಂತೆ ಕಿರಿದಾಗುವಂಥವು. ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಷೂವನ್ನು ಅದರ ಮೇಲಿಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಗೆರೆ ಹೊರಗೆ ಕಾಣುತ್ತಿದ್ದರೆ ಆ ಷೂ ಬೇಡ. ಅಡಿ ಗಟ್ಟಿಯಾಗಿದ್ದರೆ ಪೆಡಲಿನ ಒತ್ತು ಅಗಲಕ್ಕೆ ಹರಡುತ್ತದೆ. ಅಂಗಾಲಿನ ಉಬ್ಬಿನ ಹಿಂಭಾಗಕ್ಕೆ ಕೂರುವಂಥ ಚಿಕ್ಕ ಮೆತ್ತೆಯನ್ನು ಒಳಗೆ ಅಂಟಿಸಿದರೆ ಮೂಳೆಗಳು ತುಸು ಬೇರೆಯಾಗಿ ನರಕ್ಕೆ ಜಾಗ ಸಿಗುತ್ತದೆ. ಮೆತ್ತೆ ಉಬ್ಬಿನ ಕೆಳಗೇ ಬಂದರೆ ಉಪಕಾರಕ್ಕಿಂತ ಅಪಕಾರ.

ಸವಾರಿ ಮುಗಿಸಿ, ಷೂ ಕಳಚಿ, ರಾತ್ರಿ ಮಲಗಿದ ಮೇಲೂ ಜೋಮು ಬಿಡದಿದ್ದರೆ, ಸವಾರಿ ಇಲ್ಲದ ದಿನವೂ ಅಂಗಾಲು ಉರಿಯುತ್ತಿದ್ದರೆ, ಷೂವಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಾರದು. ಸಕ್ಕರೆ ಕಾಯಿಲೆ, ಬಿ-12 ಜೀವಸತ್ವದ ಕೊರತೆ ಮೊದಲಾದವು ತೋರುವ ಚಿಹ್ನೆಯೂ ಇದೇ. ವೈದ್ಯರ ಹತ್ತಿರ ಹೋಗಲೇಬೇಕು. ಸಕ್ಕರೆ ಕಾಯಿಲೆ ಇದ್ದು ಸೈಕಲ್ ತುಳಿಯುವವರಿಗೆ ಇನ್ನೊಂದು ಮಾತು. ಅವರ ಪಾದಕ್ಕೆ ನೋವೇ ತಿಳಿಯದೆ ಹೋಗಬಹುದು. ನೋವಿಲ್ಲವೆಂದರೆ ಗಾಯವಿಲ್ಲವೆಂದು ಅರ್ಥವಲ್ಲ. ದಿನದ ಕೊನೆಗೆ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದಿಗಳನ್ನು ನೋಡಿಕೊಳ್ಳುವುದು ಅವರಿಗೆ ಊಟದಷ್ಟೇ ಅಗತ್ಯ. ಒಂದು ಚಿಕ್ಕ ನೀರುಗುಳ್ಳೆ ವ್ರಣವಾಗಿ ಬೆರಳನ್ನೇ ಕಳೆದುಕೊಳ್ಳುವಂತಾಗಬಾರದು.

ಭಾಗಮಂಡಲದಿಂದ ಮಡಿಕೇರಿಗೆ ಹಿಂತಿರುಗದೆ ನಾಪೋಕ್ಲು, ಕಕ್ಕಬ್ಬೆಗಳ ಕಡೆಗೆ ಹೊರಟರೆ ಕೊಡಗಿನ ಇನ್ನೊಂದು ಮುಖ ಕಾಣುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡ ವೀರರಾಜೇಂದ್ರನ ನಾಲ್ಕುನಾಡು ಅರಮನೆ ಕಾಡಿನ ಅಂಚಿಗೆ ನಿಂತಿದೆ. ಮುಂದೆ ವಿರಾಜಪೇಟೆ, ಗೋಣಿಕೊಪ್ಪ. ಬೇಸಗೆಯಾದ್ದರಿಂದ ದಾರಿಯಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯದ ಸುದ್ದಿ ಕಿವಿಗೆ ಬೀಳುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬ ಬೇಸಗೆಯ ರಜೆಯಲ್ಲಿ ಊರೂರಿನ ಮಾತು. ಗೋಣಿಕೊಪ್ಪದಿಂದ ತಿತಿಮತಿ ದಾಟಿದರೆ ನಾಗರಹೊಳೆಯ ಕಾಡು. ಆನೆಗಳು ರಸ್ತೆ ದಾಟುವ ಜಾಗ. ಸಂಜೆಗೆ ಮುನ್ನ ಹಾದುಹೋಗುವುದು ಕ್ಷೇಮ. ಕಾಲು ಕೈಕೊಟ್ಟು ಅಲ್ಲಿ ಕತ್ತಲಾಗಿಸಿಕೊಂಡರೆ ಸಹಾಯಕ್ಕೆ ಬರುವವರು ಯಾರೆಂದು ಹೇಳಲಾಗದು. ಗೋಣಿಕೊಪ್ಪದಲ್ಲೇ ಒಂದು ಅರ್ಧ ಗಂಟೆ ಹೆಚ್ಚು ಕೂತು, ಷೂ ಕಳಚಿ ಬೆರಳು ಬಿಡಿಸಿಕೊಂಡು, ಲೇಸು ಸಡಿಲವಾಗಿ ಕಟ್ಟಿ ಹೊರಟವರು ಹೊತ್ತಿರುವಾಗಲೇ ಹುಣಸೂರಿನ ಬಯಲು ಸೇರುತ್ತಾರೆ.